ಎಂಟನೆಯ ಮೇಜಿನ ಪಂಡಿತ

ಲಾಸ್ ವೇಗಸ್ಸಿನಲ್ಲಿ ದುಡ್ಡು ಕಳೆಯುವುದಕ್ಕೆ ಯಾರೂ ಪಂಡಿತರಾಗಬೇಕಿಲ್ಲ. ಊರಿಗೆ ಕಾಲಿಟ್ಟ ಹತ್ತೇ ನಿಮಿಷದಲ್ಲಿ ಯಾರು ಬೇಕಾದರೂ ಆ ಕೆಲಸ ಮುಗಿಸಬಹುದು. ಆದರೆ ಒಂಬತ್ತು ಬಗೆಯ ಆಟಗಳಲ್ಲಿ, ಒಂಬತ್ತು ಬೇರೆಬೇರೆ ಕಾರಣ ಕೊಟ್ಟುಕೊಂಡು, ಹತ್ತೊಂಬತ್ತು ವರ್ಷ ನಿಧಾನವಾಗಿ ಕಳೆಯುವುದಕ್ಕೆ ವಿದ್ಯೆ ಬೇಕು. ಆ ವಿದ್ಯೆ ಡೆಲ್ಮರ್ ಹೊಡಾಕನಿಗೆ ಇತ್ತು. ಹಾಗಂತ ಅವನೇ ಹೇಳುತ್ತಿದ್ದ.

ವಯಸ್ಸು ಎಪ್ಪತ್ತೊಂದು. ಮೂವತ್ತನಾಲ್ಕು ವರ್ಷ ಊರಿನವರ ಏಸಿ ರಿಪೇರಿ ಮಾಡಿ ನಿವೃತ್ತನಾದವನು. ಜುಲೈ ಬಿಸಿಲಿನಲ್ಲಿ ಏಸಿ ಕೆಟ್ಟು ಬೆವರುತ್ತಿದ್ದ ಮನೆಗಳಲ್ಲಿ ಅವನಿಗೆ ಸಿಗುತ್ತಿದ್ದ ಮರ್ಯಾದೆ ಮೇಯರ್‌ಗೂ ಸಿಗುತ್ತಿರಲಿಲ್ಲ. ಬಾಗಿಲಲ್ಲೇ ಕಾಯುತ್ತಿದ್ದರು, ತಣ್ಣನೆಯ ನಿಂಬೆ ಪಾನಕ ಕೊಡುತ್ತಿದ್ದರು, ಅವನು ಏಣಿ ಹತ್ತಿ ಛಾವಣಿಯ ಮೇಲೆ ನಿಂತರೆ ಕೆಳಗಿನಿಂದ ದೇವರನ್ನು ನೋಡುವ ಹಾಗೆ ನೋಡುತ್ತಿದ್ದರು. ನಿವೃತ್ತಿಯ ಮರುದಿನದಿಂದ ಅವನು ಬಂದರೂ ಒಂದೇ, ಹೋದರೂ ಒಂದೇ ಆಯಿತು. ಹೆಂಡತಿ ವರ್ಲೀನ್ ಮನೆ ಗುಡಿಸುವ ಯಂತ್ರವನ್ನು ಮೇಜು ಕುರ್ಚಿಗಳ ಸುತ್ತ ಎಳೆದ ಹಾಗೆಯೇ ಅವನ ಸುತ್ತಲೂ ಎಳೆದುಕೊಂಡು ಹೋಗುತ್ತಿದ್ದಳು. ಉಳಿದಿದ್ದ ಮರ್ಯಾದೆಯೆಲ್ಲ ಎಂಟನೆಯ ಮೇಜಿನಲ್ಲಿತ್ತು.

ಎಂಟನೆಯ ಮೇಜು ಇದ್ದದ್ದು ಬೋಲ್ಡರ್ ಹೈವೇ ಕಡೆಯ 'ಕಾಪರ್ ಮ್ಯೂಲ್' ಕ್ಯಾಸಿನೋದಲ್ಲಿ. ದೀಪಾಲಂಕಾರ ನೋಡಲು ಬರುವ ಪ್ರವಾಸಿಗಳು ಅತ್ತ ತಲೆ ಹಾಕುವುದಿಲ್ಲ. ಅಲ್ಲಿಗೆ ಬರುವವರು ಊರಿನವರೇ: ಅಗ್ಗದ ತಿಂಡಿಗೆ ಬಂದವರು, ಬಿಂಗೋ ಆಡುವ ಅಜ್ಜಿಯರು, ಮನೆಯ ಕರೆಂಟ್ ಬಿಲ್ ಉಳಿಸಲು ಏಸಿಯ ತಂಪಿಗೆ ಬಂದು ಕೂರುವವರು. ಹಿಂಭಾಗದಲ್ಲಿ ಪೋಕರ್ ಕೋಣೆ. ಅದರಲ್ಲಿ ಎಂಟು ಮೇಜು. ಏಳರಲ್ಲಿ ಒಂದೇ ಆಟ, ಎಲ್ಲರೂ ಆಡುವ ಹೋಲ್ಡೆಮ್. ಎಂಟನೆಯದನ್ನು ಶೌಚಾಲಯದ ಗೋಡೆಗೆ ಒತ್ತಿ ಹಾಕಿದ್ದರು. ಅಲ್ಲಿ ಮಾತ್ರ ಆಟ ಬದಲಾಗುತ್ತಿತ್ತು.

ಬದಲಾಗುತ್ತಿದ್ದ ರೀತಿ ಹೀಗೆ. ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಕೈ; ಆರಾರು ಕೈಗೆ ಒಮ್ಮೆ ಒಬ್ಬೊಬ್ಬರ ಸರದಿ. ಸರದಿ ಬಂದವರು ಯಾವ ಆಟ ಬೇಕೆಂದು ಹೇಳಬೇಕು. ಎಲೆ ಹಂಚುವವನು ಆ ಆಟದ ಹೆಸರು ಬರೆದ ಫಲಕವನ್ನು ಮುಂದೆ ಇಡುತ್ತಾನೆ. ಒಂದು ಆಟದಲ್ಲಿ ದೊಡ್ಡ ಎಲೆಗಳು ಗೆಲ್ಲುತ್ತವೆ, ಇನ್ನೊಂದರಲ್ಲಿ ಸಣ್ಣವು, ಮತ್ತೊಂದರಲ್ಲಿ ಅರ್ಧ ದೊಡ್ಡದಕ್ಕೆ ಅರ್ಧ ಸಣ್ಣದಕ್ಕೆ. ಹತ್ತು ನಿಮಿಷದ ಹಿಂದೆ ಚಿನ್ನವಾಗಿದ್ದ ರಾಜ ಈಗ ಕಸ. ತಲೆ ಸ್ವಲ್ಪ ಅತ್ತಿತ್ತ ಆದರೂ ಮನುಷ್ಯ ಕಸವನ್ನೇ ತಬ್ಬಿಕೊಂಡು ಕೂತಿರುತ್ತಾನೆ. "ಹೋಲ್ಡೆಮ್ ಆಡೋರು ಒಂದೇ ಒಂದು ರೀತಿಲಿ ದಡ್ಡರು, ನಾವು ಒಂಬತ್ತು ರೀತಿಲಿ," ಎಂದು ಡೆಲ್ಮರ್ ಹೆಮ್ಮೆಪಡುತ್ತಿದ್ದ.

ಮಂಗಳವಾರ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಸೇರುತ್ತಿದ್ದವರು ಆರು ಜನ. ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗಳ ಮೇಲ್ವಿಚಾರಕಿಯಾಗಿದ್ದ ಒಫೇಲಿಯಾ ಬರ್ರಗಾನ್. ಅವಳ ಕಣ್ಣು ತಪ್ಪಿಸಿ ಒಂದು ದಿಂಬಿನ ಚೀಲವೂ ಹೊರಗೆ ಹೋಗುತ್ತಿರಲಿಲ್ಲವಂತೆ. ಕನ್ನಡಕದ ಅಂಗಡಿ ಮಾರಿ ಕೂತ ಹರ್ಷೆಲ್. ಹವಾಯಿಯಿಂದ ಬಂದು ನೆಲೆಸಿದ ನಹಿನು ಅಣ್ಣತಮ್ಮಂದಿರಿಬ್ಬರು; ಆಟದ ಹೆಸರು ಹೇಳುವುದಕ್ಕೆ ಬಿಟ್ಟು ಬೇರೆಯದಕ್ಕೆ ಬಾಯಿ ತೆರೆದರೆ ಅದು ಮನೆಯಿಂದ ತಂದ ಅನ್ನದ ಉಂಡೆಗೆ. ಐದನೆಯವನು ಮರ್ವಿನ್. ಡೆಲ್ಮರ್ ಸೇರಿ ಆರು.

ಆ ವರ್ಷ ಬೇಸಿಗೆಗೆ ಮರ್ವಿನ್ ಮಗಳ ಊರಿಗೆ ಹೊರಟುಹೋದ. ಮೇಜಿನಲ್ಲಿ ಐದೇ ಜನ ಉಳಿದರು.

ಪೋಕರ್ ಕೋಣೆಯ ಮೇಲ್ವಿಚಾರಕಿ ಮಿಲಾಗ್ರೋಸ್ ಒಳ್ಳೆಯವಳು. ಎರಡು ವಾರ ಕಂಡೂ ಕಾಣದವಳಂತೆ ಇದ್ದಳು. ಮೂರನೆಯ ವಾರ ಡೆಲ್ಮರನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದಳು: ಮೇಲಿನವರಿಗೆ ಆ ಜಾಗದಲ್ಲಿ ನಾಣ್ಯ ಹಾಕಿ ಆಡುವ ಜೂಜಿನ ಯಂತ್ರಗಳು ಬೇಕಂತೆ. ಐದು ಜನ ಮುದುಕರು ಬೆಳಗಿಂದ ಕೂತು ಒಂದು ಕಾಫಿ ಕುಡಿದು ಎದ್ದು ಹೋಗುವ ಮೇಜಿನಿಂದ ಏನು ಲಾಭ ಎಂದು ಕೇಳಿದರಂತೆ. ಅವಳು ಕಾಡಿ ಬೇಡಿ ಒಂದು ಅವಕಾಶ ಉಳಿಸಿಕೊಂಡು ಬಂದಿದ್ದಳು. ಈ ತಿಂಗಳ ಕೊನೆಯ ಗುರುವಾರ ಹತ್ತರಿಂದ ಹನ್ನೆರಡರವರೆಗೆ ಅರ್ಧರ್ಧ ಗಂಟೆಗೆ ಎಣಿಸುತ್ತಾಳೆ. ಪ್ರತಿ ಎಣಿಕೆಯಲ್ಲೂ ಆರು ಬಂದರೆ ಮೇಜು ಉಳಿಯುತ್ತದೆ. ಒಂದರಲ್ಲಿ ಐದು ಬಂದರೂ ಸೋಮವಾರ ಬಡಗಿಗಳು ಬರುತ್ತಾರೆ.

"ಆರನೇವರನ್ನ ಎಲ್ಲಿಂದ ತರ್ತೀಯ ಡೆಲ್?" ಎಂದಳು.

"ನಾನೇ ತಯಾರು ಮಾಡ್ತೀನಿ," ಎಂದ ಡೆಲ್ಮರ್. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು.

ಹಿರಿಯರ ಸಮುದಾಯ ಭವನದಲ್ಲಿ ಪಾಠ ಶುರು ಮಾಡಿದ. ಬಾಗಿಲಿಗೆ ಚೀಟಿ ಅಂಟಿಸಿದ: 'ಪೋಕರ್ ಒಂಬತ್ತು ಆಟ, ಉಚಿತ ತರಗತಿ, ಬಿಸ್ಕತ್ತು ಇರುತ್ತದೆ.' ಮೊದಲ ದಿನ ಹನ್ನೊಂದು ಜನ ಬಂದರು. ಎರಡನೆಯ ದಿನ ವರ್ಲೀನ್ ಬಿಸ್ಕತ್ತು ಮಾಡಿಕೊಡಲಿಲ್ಲ, ಮೂರು ಜನ ಬಂದರು. ಮೂರನೆಯ ದಿನ ಉಳಿದದ್ದು ಒಬ್ಬಳೇ, ಪೌಲೀನ್ ಆಸ್ಟ್ರಾಂಡರ್. ನಲವತ್ತು ವರ್ಷ ಮೂರನೇ ತರಗತಿಯ ಮಕ್ಕಳಿಗೆ ಗುಣಾಕಾರ ಕಲಿಸಿದವಳು. ಗೆರೆ ಹಾಕಿದ ನೋಟ್ ಪುಸ್ತಕ, ಮೂರು ಬಣ್ಣದ ಪೆನ್ನು ಹಿಡಿದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಹಿಂದಿನ ಸಾಲುಗಳೆಲ್ಲ ಖಾಲಿ ಇದ್ದರೂ.

ಡೆಲ್ಮರನ ಪಾಂಡಿತ್ಯಕ್ಕೆ ಅಷ್ಟು ವರ್ಷಗಳಲ್ಲಿ ಸಿಕ್ಕ ಮೊದಲ ಕಿವಿ ಅದು. ಅವನು ಹೇಳಿದ್ದೆಲ್ಲ ಅವಳು ಬರೆದುಕೊಂಡಳು, ಮಧ್ಯೆ ಬಂದ ಕೆಮ್ಮೊಂದನ್ನು ಬಿಟ್ಟು. ಏಳು ಎಲೆ ಹಂಚುವ ಎರಡು ಆಟಗಳಿವೆ: ಸ್ಟಡ್, ರ್ಯಾಜ್. ಹಂಚುವುದು ಎರಡಕ್ಕೂ ಒಂದೇ ಥರ: ಮೊದಲು ಎರಡು ಮುಚ್ಚಿ ಒಂದು ತೆರೆದು, ಆಮೇಲೆ ಒಂದೊಂದೇ; ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಸ್ಟಡ್‌ನಲ್ಲಿ ದೊಡ್ಡದು ಗೆಲ್ಲುತ್ತದೆ, ರ್ಯಾಜ್‌ನಲ್ಲಿ ಸಣ್ಣದು. ಹೀಗಾಗಿ ಡೆಲ್ಮರನ ಮೊದಲ ಪಾಠ: ಮೊದಲು ಫಲಕ ನೋಡು, ಆಮೇಲೆ ಎಲೆ ನೋಡು. ಅವಳು ಅದನ್ನು ಕೆಂಪಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಕಡೆಯ ತರಗತಿಯ ದಿನ ಅವಳು ಒಂದು ಪ್ರಶ್ನೆ ಕೇಳಿದಳು. "ಮಿಸ್ಟರ್ ಹೊಡಾಕ್, ಇಷ್ಟೆಲ್ಲ ಗೊತ್ತಿದ್ರೂ ನೀವು ಯಾಕೆ ಗೆಲ್ಲಲ್ಲ?"

ಇಷ್ಟವಾದ ಎಲೆ ಬಂದರೆ ಅದನ್ನು ಬಿಡಲು ತನಗೆ ಮನಸ್ಸು ಬರುವುದಿಲ್ಲ, ಇಷ್ಟವಾಗದ ಎಲೆ ತನಗೆ ಬರುವುದೇ ಇಲ್ಲ ಎಂದು ಡೆಲ್ಮರ್ ಒಪ್ಪಿಕೊಂಡ. ಅದನ್ನೂ ಅವಳು ಬರೆದುಕೊಂಡಳು. ಯಾವ ಬಣ್ಣದಲ್ಲಿ ಎಂದು ಅವನು ನೋಡಲಿಲ್ಲ.

ಕೊನೆಯ ಗುರುವಾರ ಬಂತು. ಒಂಬತ್ತೂ ಐವತ್ತಕ್ಕೆ ಆರೂ ಕುರ್ಚಿ ತುಂಬಿತ್ತು. ಎಲೆ ಹಂಚಲು ಕೂತವನು ತ್ಸೆಗಾಯೆ, ಇಥಿಯೋಪಿಯಾದವನು, ಒಂಬತ್ತೂ ಆಟವನ್ನು ನಿದ್ದೆಯಲ್ಲೂ ತಪ್ಪದೆ ನಡೆಸುವವನು. ಹತ್ತಕ್ಕೆ ಸರಿಯಾಗಿ ಮಿಲಾಗ್ರೋಸ್ ಬಂದು ಎಣಿಸಿ ಆರು ಎಂದು ಬರೆದುಕೊಂಡು ಹೋದಳು. ಆ ಕೋಣೆಯ ಎಣಿಕೆಯ ರೀತಿಯೇ ಬೇರೆ. ಅಲ್ಲಿ ಲೆಕ್ಕಕ್ಕೆ ಬರುವುದು ಕುರ್ಚಿಯಲ್ಲಿ ಕೂತ ಮನುಷ್ಯನಲ್ಲ, ಕುರ್ಚಿಯ ಮುಂದೆ ಮೇಜಿನ ಮೇಲೆ ಇರುವ ಬಿಲ್ಲೆ, ದುಡ್ಡು ಕೊಟ್ಟು ಕೊಳ್ಳುವ, ಒಂದಕ್ಕೆ ಒಂದು ಡಾಲರಿನ ಬಿಲ್ಲೆ. ಬಿಲ್ಲೆ ಇದ್ದರೆ ನೀವು ಊಟಕ್ಕೆ ಹೋಗಿದ್ದರೂ ಇದ್ದೀರಿ. ಇಲ್ಲದಿದ್ದರೆ ಮೇಜನ್ನು ತಬ್ಬಿಕೊಂಡು ಕೂತರೂ ಇಲ್ಲ.

ಡೆಲ್ಮರನ ಮುಂದೆ ನೂರಿಪ್ಪತ್ತು ಡಾಲರಿನ ಬಿಲ್ಲೆ ಇತ್ತು. ಅವನಿಗೂ ವರ್ಲೀನಳಿಗೂ ನಡುವಿನ ಒಪ್ಪಂದ ಅದು: ಒಂದು ದಿನಕ್ಕೆ ನೂರಿಪ್ಪತ್ತು, ಬ್ಯಾಂಕಿನ ಕಾರ್ಡು ಮನೆಯಲ್ಲಿ, ಮೇಜಿನಲ್ಲಿ ಯಾರ ಹತ್ತಿರವೂ ಕೈ ಚಾಚುವುದಿಲ್ಲ. ಮುಗಿದರೆ ಮನೆಗೆ. ಈ ಮಾತನ್ನು ಅವನು ಒಮ್ಮೆಯೂ ಮೀರಿರಲಿಲ್ಲ. ಮೀರದ ಮಾತು ಅದೊಂದೇ ಎಂದು ವರ್ಲೀನ್ ಹೇಳುತ್ತಿದ್ದಳು.

ಹತ್ತೂವರೆಯ ಎಣಿಕೆಯೂ ಆರು. ಆಗ ನಡೆಯುತ್ತಿದ್ದದ್ದು ಹರ್ಷೆಲ್ ಕೇಳಿದ ರ್ಯಾಜ್, ಸಣ್ಣದು ಗೆಲ್ಲುವ ಆಟ. ಅದರ ಕೊನೆಯ ಕೈಯಲ್ಲಿ ಪೌಲೀನ್ ಹದಿನಾಲ್ಕು ಡಾಲರ್ ಗೆದ್ದಳು. ಡೆಲ್ಮರನಿಗೆ ಮಗಳ ಮದುವೆ ಮಾಡಿದಷ್ಟು ಖುಷಿ. ಹರ್ಷೆಲ್ ಕಡೆ ತಿರುಗಿ ಶಿಷ್ಯೆಗೆ ತಾನು ಹೇಗೆ ಪಾಠ ಹೇಳಿದೆ, ಫಲಕ ನೋಡುವ ಅಭ್ಯಾಸವನ್ನು ಹೇಗೆ ತಲೆಗೆ ಹತ್ತಿಸಿದೆ ಎಂದು ವಿವರಿಸತೊಡಗಿದ. ಅಷ್ಟರಲ್ಲಿ ಸರದಿ ಒಫೇಲಿಯಾಳದಾಯಿತು. ಅವಳು ಸ್ಟಡ್ ಎಂದಳು. ತ್ಸೆಗಾಯೆ ಫಲಕ ಬದಲಿಸಿ ಎಲೆ ಹಂಚಿದ. ಡೆಲ್ಮರ್ ಕೈಯಾಡಿಸುತ್ತ ಮಾತಾಡುತ್ತಲೇ ಒಂದು ಡಾಲರ್ ನಡುವೆ ಹಾಕಿ ತನ್ನ ಎಲೆಗಳ ಮೂಲೆ ಎತ್ತಿ ನೋಡಿದ.

ಎಕ್ಕ, ಎರಡು. ಮೇಲೆ ತೆರೆದದ್ದು ನಾಲ್ಕು.

ಸಣ್ಣದು ಗೆಲ್ಲುವ ಆಟದಲ್ಲಿ ಇದು ಅಮೃತ. ಮಾತು ನಿಂತಿತು. ಉಳಿದವರು ಎಲೆ ಬಿಟ್ಟರು, ಪೌಲೀನ್ ಮಾತ್ರ ಉಳಿದಳು. ಅವಳ ತೆರೆದ ಎಲೆ ರಾಜ. ಮುಂದಿನ ಎಲೆ ಇನ್ನೊಂದು ರಾಜ. ಡೆಲ್ಮರನಿಗೆ ಬಂದದ್ದು ಆರು, ಆಮೇಲೆ ಮೂರು. ರ್ಯಾಜ್‌ನಲ್ಲಿ ಅದಕ್ಕಿಂತ ಮೇಲಿನ ಕೈ ಪ್ರಪಂಚದಲ್ಲಿ ಒಂದೇ ಒಂದು ಇದೆ.

ಪೌಲೀನ್ ಎಂಟು ಡಾಲರ್ ಮುಂದಿಟ್ಟಳು. ತನಗಿಂತ ಮೊದಲು ಅವಳು ಹೇಗೆ ದುಡ್ಡಿಟ್ಟಳು, ಜೋಡಿ ರಾಜ ತೆರೆದಿಟ್ಟುಕೊಂಡು ಯಾಕೆ ಹೀಗೆ ಮಾಡುತ್ತಿದ್ದಾಳೆ ಎಂಬುದಕ್ಕೆ ಡೆಲ್ಮರನಿಗೆ ಹೊಳೆದ ಕಾರಣ ಒಂದೇ. ಪಾಪ, ಆಟ ಬದಲಾದದ್ದನ್ನು ಮರೆತಿದ್ದಾಳೆ, ದೊಡ್ಡದು ಗೆಲ್ಲುತ್ತದೆ ಅಂದುಕೊಂಡಿದ್ದಾಳೆ. ಅವನ ಎದೆ ಕರಗಿತು. ಆದರೆ ಆಟ ಆಟವೇ. ಒಮ್ಮೆ ಸುಟ್ಟುಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ, ಇದೂ ಒಂದು ಪಾಠವಾಗಲಿ ಎಂದುಕೊಂಡು ಪಣ ಏರಿಸಿದ. ಅವಳೂ ಏರಿಸಿದಳು. ಅವನು ಮತ್ತೆ ಏರಿಸಿದ.

ಒಫೇಲಿಯಾ ಛಾವಣಿ ನೋಡಿದಳು. ನಹಿನು ತಮ್ಮ ಅನ್ನದ ಉಂಡೆ ಅಗಿಯುವುದನ್ನು ನಿಲ್ಲಿಸಿದ. ತ್ಸೆಗಾಯೆ ಎರಡು ಸಲ ಕೆಮ್ಮಿದ. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುವಂತಿರಲಿಲ್ಲ. ಕೈ ನಡೆಯುವಾಗ ಬೇರೆಯವರ ಆಟದ ಬಗ್ಗೆ ತುಟಿ ಬಿಚ್ಚಬಾರದು ಎಂಬುದು ಆ ಕೋಣೆಯ ಮೊದಲ ಕಟ್ಟಳೆ. ಎದುರಿಗೇ ಒಬ್ಬ ಬಾವಿಗೆ ಬೀಳುತ್ತಿದ್ದರೂ ಬಾವಿ ಎನ್ನುವಂತಿಲ್ಲ.

ಕೊನೆಯ ಎಲೆ ಬಂದ ಮೇಲೂ ಏರಿಸಾಟ ನಡೆಯಿತು. ಕಡೆಗೆ ಡೆಲ್ಮರನ ಮುಂದೆ ಹನ್ನೊಂದು ಬಿಲ್ಲೆ ಉಳಿದವು. ಪೌಲೀನ್ ಮತ್ತೆ ಎಂಟು ಏರಿಸಿದಳು. ಉಳಿದದ್ದನ್ನೆಲ್ಲ ತಳ್ಳಬಹುದಿತ್ತು. ಆದರೆ ಮುದುಕಿಯನ್ನು ಪೂರ್ತಿ ಸುಲಿಯುವುದು ಬೇಡ ಎನಿಸಿತು. ದೊಡ್ಡ ಮನಸ್ಸು ಮಾಡಿ ಎಂಟು ಮಾತ್ರ ಹಾಕಿ ಆಟ ಮುಗಿಸಿದ.

"ನನ್ನನ್ನ ಕ್ಷಮಿಸು ಪೌಲೀನ್," ಎಂದು ಎಲೆಗಳನ್ನು ಒಂದೊಂದಾಗಿ ಬಿಡಿಸಿಟ್ಟ. "ಆರು, ನಾಲ್ಕು, ಮೂರು, ಎರಡು, ಎಕ್ಕ."

ಪೌಲೀನ್ ತನ್ನದನ್ನು ತೆರೆದಳು. ಎರಡು ರಾಜ, ಎರಡು ಎಂಟು. ತ್ಸೆಗಾಯೆ ರಾಶಿಯನ್ನು ನಿಧಾನವಾಗಿ, ಹೆಣ ಸಾಗಿಸುವಷ್ಟು ಗೌರವದಿಂದ, ಅವಳ ಕಡೆಗೆ ತಳ್ಳಿದ.

ಡೆಲ್ಮರ್ ರಾಶಿ ನೋಡಿದ, ತ್ಸೆಗಾಯೆಯನ್ನು ನೋಡಿದ, ಎಲ್ಲ ಮುಗಿದ ಮೇಲೆ ಫಲಕ ನೋಡಿದ.

"ಮೊದಲು ಫಲಕ, ಆಮೇಲೆ ಎಲೆ," ಎಂದಳು ಪೌಲೀನ್. ಚುಚ್ಚುವ ದನಿಯಲ್ಲ; ಮಗ್ಗಿ ತಪ್ಪಿದ ಹುಡುಗನಿಗೆ ಹೇಳುವ ದನಿ. "ನೀವೇ ಹೇಳಿದ್ದು. ನಾನು ನಿಮಗೆ ಏನೋ ಗುಟ್ಟು ಗೊತ್ತಿದೆ ಅಂದ್ಕೊಂಡೆ."

"ಗೊತ್ತಿತ್ತು," ಎಂದ ಡೆಲ್ಮರ್. "ಬೇರೆ ಆಟದ್ದು."

ಹರ್ಷೆಲ್ ನಕ್ಕ. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಅಷ್ಟರಲ್ಲಿ ಒಫೇಲಿಯಾ ಡೆಲ್ಮರನ ಮುಂದಿನ ಬಿಲ್ಲೆ ಎಣಿಸಿದ್ದಳು. ಮೂರು. ಗಂಟೆ ಹತ್ತೂ ನಲವತ್ತು. ಹನ್ನೆರಡಕ್ಕೆ ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ. ಆರನೆಯವರನ್ನು ಹುಡುಕಿ ತಂದ ಪಂಡಿತ ಈಗ ತಾನೇ ಎದ್ದು ಹೋಗಿ ಮೇಜನ್ನು ಐದು ಮಾಡುವವನಿದ್ದ.

ಪೌಲೀನ್ ಗೆದ್ದ ಬಿಲ್ಲೆಗಳನ್ನು ಅವನತ್ತ ತಳ್ಳಲು ಹೋದಳು. ಮೇಜಿನ ಮೇಲಿನ ಬಿಲ್ಲೆ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವಂತಿಲ್ಲ ಎಂದು ತ್ಸೆಗಾಯೆ ಮೆತ್ತಗೆ ತಡೆದ. ಒಫೇಲಿಯಾ ಕೈಚೀಲ ತೆರೆದಳು. ಡೆಲ್ಮರ್ ತಲೆಯಾಡಿಸಿದ. ವರ್ಲೀನಳಿಗೆ ಫೋನ್ ಮಾಡು ಎಂದ ಹರ್ಷೆಲ್. ಅವಳು ಗುರುವಾರ ಈಜುಕೊಳದಲ್ಲಿ ವ್ಯಾಯಾಮಕ್ಕೆ ಹೋಗುತ್ತಾಳೆ, ಫೋನು ಬೀರುವಿನಲ್ಲಿ, ಹನ್ನೆರಡರವರೆಗೆ ಸಿಗುವುದಿಲ್ಲ.

"ಕೊಟ್ಟ ಮಾತು ಅಂತೆ, ಕೊಟ್ಟ ಮಾತು," ಎಂದು ಒಫೇಲಿಯಾ ಚೀಲ ಮುಚ್ಚಿದಳು. "ನಿನ್ನ ಪಾಂಡಿತ್ಯಕ್ಕೆ ಬೆಂಕಿ ಹಾಕ. ಈಗ ನಾನು ಹೇಳಿದ ಹಾಗೆ ಕೇಳು. ಎದ್ದು ಹೋಗು."

"ಮನೆಗಾ?"

"ಶೌಚಾಲಯಕ್ಕೆ. ಕೆಫೆಗೆ. ಎಲ್ಲಾದ್ರೂ ಹಾಳಾಗಿ ಹೋಗು. ಆ ಮೂರು ಬಿಲ್ಲೆ ಇಲ್ಲೇ ಇರಲಿ. ನೀನು ಇಲ್ಲದೆ ಇದ್ರೇನೇ ಅವು ಉಳಿಯೋದು."

ಲೆಕ್ಕ ಸರಿಯಾಗಿತ್ತು. ಆಟಗಾರ ಬಿಲ್ಲೆ ಬಿಟ್ಟು ಎದ್ದು ಹೋಗಬಹುದು, ಆದರೆ ಅರ್ಧ ಗಂಟೆಯೊಳಗೆ ಬಂದು ಒಂದು ಕೈಯಾದರೂ ಎಲೆ ಹಿಡಿಯಬೇಕು. ಇಲ್ಲದಿದ್ದರೆ ಬಿಲ್ಲೆಯನ್ನು ಚೀಲಕ್ಕೆ ಹಾಕಿ ಕುರ್ಚಿ ಖಾಲಿ ಎಂದು ಬರೆಯುತ್ತಾರೆ. ಹಿಡಿಯುವ ಆಟ ಒಂಬತ್ತರಲ್ಲಿ ಇನ್ನೊಂದಾದ ಒಮಾಹಾ ಥರದ್ದಾದರೆ ನಡುವೆ ಸೇರಲು ನಾಲ್ಕು ಡಾಲರ್ ಬೇಕು, ಅವನ ಹತ್ತಿರ ಅಷ್ಟಿಲ್ಲ. ಏಳೆಲೆಯ ಆಟವಾದರೆ ಒಂದು ಡಾಲರ್ ಸಾಕು. ಹನ್ನೊಂದೂ ಹತ್ತಕ್ಕೆ ಒಂದು, ಹನ್ನೊಂದೂ ನಲವತ್ತಕ್ಕೆ ಒಂದು. ಹನ್ನೆರಡರ ಎಣಿಕೆಗೆ ಒಂದು ಬಿಲ್ಲೆ ಉಳಿಯುತ್ತದೆ. ಒಂದೇ ಒಂದು ಭಯ: ಸ್ಟಡ್‌ನಲ್ಲಿ ತೆರೆದ ಎಲೆಗಳಲ್ಲಿ ಅತಿ ಸಣ್ಣದು ಯಾರಿಗೆ ಬರುತ್ತದೋ ಅವರು ಇನ್ನೆರಡು ಡಾಲರ್ ಕಡ್ಡಾಯವಾಗಿ ಹಾಕಬೇಕು. ಅದು ಡೆಲ್ಮರನ ತಲೆಗೆ ಬಂದರೆ ಕಥೆ ಮುಗಿಯಿತು.

ತ್ಸೆಗಾಯೆ ಅವನ ಮೂರು ಬಿಲ್ಲೆಯ ಪಕ್ಕ 'ಹೊರಗೆ' ಎಂಬ ದುಂಡು ಫಲಕ ಇಟ್ಟ. ಡೆಲ್ಮರ್ ಎದ್ದ.

ಜೇಬಿನಲ್ಲಿ ಬಿಡಿಗಾಸಿಲ್ಲದೆ ಕ್ಯಾಸಿನೋದಲ್ಲಿ ಅರ್ಧ ಗಂಟೆ ಕಳೆಯುವುದು ಮದುವೆ ಮನೆಯಲ್ಲಿ ಕರೆಯದೆ ಬಂದವನ ಪಾಡು. ನಿಂತರೆ ಯಾಕೆ ನಿಂತೆ ಎನ್ನುತ್ತಾರೆ, ಕೂರಬೇಕೆಂದರೆ ಪ್ರತಿ ಕುರ್ಚಿಯ ಮುಂದೆ ಒಂದು ಯಂತ್ರ ಬಾಯಿ ತೆರೆದಿರುತ್ತದೆ. ಮೊದಲು ಶೌಚಾಲಯಕ್ಕೆ ಹೋಗಿ ಕೈ ತೊಳೆದ. ಬಿಂಗೋ ಹಾಲಿನ ಬಾಗಿಲಲ್ಲಿ ನಿಂತ. ಕೆಫೆಯ ಹುಡುಗಿ ಕಾಫಿ ಹಾಕಲು ಬಂದಾಗ ವೈದ್ಯರು ಬೇಡ ಎಂದಿದ್ದಾರೆ ಎಂದ. ಅವಳು ಮಂಗಳವಾರವಷ್ಟೇ ಅವನಿಗೆ ನಾಲ್ಕು ಸಲ ಹಾಕಿದ್ದಳು. ಮೇಲಿನ ಗಾಳಿ ಕಿಂಡಿಯಿಂದ ಟಕಟಕ ಸದ್ದು ಬರುತ್ತಿತ್ತು. ಏಸಿಯ ಬೆಲ್ಟು ಸಡಿಲವಾಗಿದೆ, ಬದಲಿಸಬೇಕು ಎಂದು ಕಾವಲುಗಾರನನ್ನು ಕರೆದು ಹೇಳಿದ. ಕಾವಲುಗಾರ ಕಿಂಡಿಯನ್ನು ನೋಡಲಿಲ್ಲ, ಇವನನ್ನು ನೋಡಿದ. ಯಾರನ್ನಾದರೂ ಕಾಯುತ್ತಿದ್ದೀರಾ ಎಂದು ವಿಚಾರಿಸಿದ. ಹೌದು, ಹನ್ನೊಂದೂ ಹತ್ತನ್ನು ಎಂದ ಡೆಲ್ಮರ್. ಆಮೇಲೆ ಆ ಕಾವಲುಗಾರ ಇಪ್ಪತ್ತು ಹೆಜ್ಜೆ ಹಿಂದೆಯೇ ಬರತೊಡಗಿದ.

ಹನ್ನೊಂದರ ಎಣಿಕೆಗೆ ಮಿಲಾಗ್ರೋಸ್ ಬಂದಾಗ ಅವನು ಪೋಕರ್ ಕೋಣೆಯ ಕಟಕಟೆಯ ಆಚೆ ಕಂಬಕ್ಕೆ ಒರಗಿದ್ದ. ಅವಳು ಮೂರು ಬಿಲ್ಲೆಯನ್ನು ನೋಡಿದಳು, ಕಂಬವನ್ನು ನೋಡಿದಳು, ಏನೂ ಕೇಳದೆ ಆರು ಎಂದು ಬರೆದಳು.

ಹನ್ನೊಂದೂ ಎಂಟಕ್ಕೆ ಆಟ ಕೇಳುವ ಸರದಿ ನಹಿನು ಅಣ್ಣನದು. ಆ ಮನುಷ್ಯ ಹತ್ತೊಂಬತ್ತು ವರ್ಷದಲ್ಲಿ ಒಮಾಹಾ ಬಿಟ್ಟು ಬೇರೆ ಆಟ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಡೆಲ್ಮರ್ ಕಟಕಟೆ ಹಿಡಿದು ಕಾದ. ನಹಿನು ಅಣ್ಣ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದ. "ಸ್ಟಡ್," ಎಂದ, ಯಾರದೋ ಸಾವಿನ ಸುದ್ದಿ ಹೇಳುವ ಹಾಗೆ.

ಡೆಲ್ಮರ್ ಬಂದು ಕೂತ. ಒಂದು ಡಾಲರ್ ಹಾಕಿದ. ತೆರೆದ ಎಲೆ ಗುಲಾಮ ಬಂತು. ಮೂಲೆ ಎತ್ತಿ ಕೂಡ ನೋಡದೆ ಪ್ಯಾಕ್ ಮಾಡಿ ಎದ್ದ. ಅವನು ಒಂದು ಕೈಯನ್ನು ನೋಡದೆ ಬಿಟ್ಟದ್ದು ಅದೇ ಮೊದಲು. ಹರ್ಷೆಲ್ ಎದ್ದು ನಿಂತು ಮೌನ ಆಚರಿಸಬೇಕಾ ಎಂದು ಕೇಳಿದ.

ಉಳಿದದ್ದು ಎರಡು ಬಿಲ್ಲೆ. ಹನ್ನೊಂದೂವರೆಯ ಎಣಿಕೆ ದಾಟಿತು. ಈ ಹೊತ್ತಿಗೆ ಕಾವಲುಗಾರನಿಗೂ ವಿಷಯ ಗೊತ್ತಾಗಿತ್ತು. ಅವನೇ ಕೈಗಡಿಯಾರ ನೋಡಿ ಇನ್ನೆಷ್ಟು ನಿಮಿಷ ಎಂದು ಹೇಳುತ್ತಿದ್ದ.

ಹನ್ನೊಂದೂ ಮೂವತ್ತೆಂಟು. ಸರದಿ ಪೌಲೀನಳದು.

ಅವಳು ನೋಟ್ ಪುಸ್ತಕ ತೆರೆದಳು. ಮೇಜಿನಲ್ಲಿ ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಏಳೆಲೆಯ ಆಟ ಎರಡಿವೆಯಲ್ಲ. ರ್ಯಾಜ್‌ನಲ್ಲಿ ಕಡ್ಡಾಯದ ದುಡ್ಡು ಬೀಳುವುದು ಅತಿ ದೊಡ್ಡ ಎಲೆಯವರಿಗೆ, ಸ್ಟಡ್‌ನಲ್ಲಿ ಅತಿ ಸಣ್ಣದರವರಿಗೆ. ಪೌಲೀನ್ ಹಾಳೆ ತಿರುವಿ ಬೆರಳಿಟ್ಟು ಓದಿಕೊಂಡಳು.

"ನಾಲ್ಕನೇ ದಿನದ ಪಾಠದಲ್ಲಿ ನೀವು ಹೇಳಿದ್ದೀರಿ, ರ್ಯಾಜ್ ಆಡೋವಾಗ ನಿಮಗೆ ಯಾವಾಗ್ಲೂ ರಾಜಾನೇ ಬರೋದು ಅಂತ," ಎಂದಳು. "ಅದಕ್ಕೇ ಸ್ಟಡ್."

ಅದು ಲೆಕ್ಕವಲ್ಲ, ಮೂಢನಂಬಿಕೆ ಎಂದು ಯಾವ ಪಂಡಿತನಾದರೂ ಹೇಳಬಹುದಿತ್ತು. ಅಲ್ಲಿದ್ದ ಪಂಡಿತ ಏನೂ ಹೇಳದೆ ಬಂದು ಕೂತು ಒಂದು ಬಿಲ್ಲೆ ನಡುವೆ ಹಾಕಿದ. ಮುಂದೆ ಉಳಿದದ್ದು ಒಂದೇ.

ತ್ಸೆಗಾಯೆ ಹಂಚಿದ. ಎಲ್ಲರಿಗೂ ಎರಡೆರಡು ಮುಚ್ಚಿದ ಎಲೆ. ಆಮೇಲೆ ತೆರೆದವು: ಒಫೇಲಿಯಾಗೆ ರಾಣಿ. ನಹಿನು ಅಣ್ಣನಿಗೆ ಒಂಬತ್ತು. ತಮ್ಮನಿಗೆ ಹತ್ತು. ಪೌಲೀನಳಿಗೆ ಏಳು. ಡೆಲ್ಮರನಿಗೆ ಮೂರು.

ಸ್ಟಡ್‌ನಲ್ಲಿ ಎಕ್ಕ ಎಲ್ಲಕ್ಕಿಂತ ದೊಡ್ಡದು; ಮೂರು ಎಂದರೆ ಅದಕ್ಕಿಂತ ಸಣ್ಣದು ಎರಡೊಂದೇ. ಹರ್ಷೆಲ್ ಒಬ್ಬ ಉಳಿದಿದ್ದ. ತ್ಸೆಗಾಯೆಯ ಕೈ ಅವನ ಮುಂದೆ ಒಂದು ಕ್ಷಣ ನಿಂತ ಹಾಗೆ ಕಂಡಿತು, ನಿಂತಿರಲಿಕ್ಕಿಲ್ಲ. ಎಲೆ ಮಗುಚಿತು.

ಇಸ್ಪೀಟಿನ ಎರಡು.

"ಜೀವನದಲ್ಲಿ ಮೊದಲನೇ ಸಲ ನಾನು ಉಪಯೋಗಕ್ಕೆ ಬಂದೆ," ಎನ್ನುತ್ತ ಹರ್ಷೆಲ್ ಎರಡು ಡಾಲರ್ ಹಾಕಿದ. ಒಫೇಲಿಯಾ ಉಸಿರು ಬಿಟ್ಟಳು.

ಈಗ ಡೆಲ್ಮರನ ಕೆಲಸ ಸುಲಭ. ಎಲೆಗಳನ್ನು ಮುಂದಕ್ಕೆ ತಳ್ಳಿ ಎದ್ದು ಹೋಗುವುದು. ತಳ್ಳಲು ಕೈಯಿಟ್ಟ. ಆದರೆ ಹತ್ತೊಂಬತ್ತು ವರ್ಷದ ಬೆರಳು ಕೇಳಬೇಕಲ್ಲ. ತಾನಾಗಿಯೇ ಮೂಲೆ ಎತ್ತಿತು.

ಮುಚ್ಚಿದ ಎರಡೂ ಎಲೆ ಮೂರು. ತೆರೆದದ್ದೂ ಮೂರು.

ಹಂಚಿದ ಮೂರಕ್ಕೆ ಮೂರೂ ಒಂದೇ ಎಲೆ. ಸ್ಟಡ್ ಆಡುವವರಿಗೆ ಇದು ವರ್ಷಕ್ಕೆ ಒಂದೆರಡು ಸಲ ಬರುವ ಹಬ್ಬ. ಆ ಒಂದು ಬಿಲ್ಲೆಯನ್ನು ತಳ್ಳಿದರೆ ಕೈ ಕೊನೆಯವರೆಗೆ ಹೋಗುತ್ತದೆ. ಹತ್ತರಲ್ಲಿ ಏಳು ಸಲ ಇದು ಗೆಲ್ಲುತ್ತದೆ. ಗೆದ್ದರೆ ಎಂಟೊಂಬತ್ತು ಬಿಲ್ಲೆ ಬರುತ್ತದೆ, ಹನ್ನೆರಡರ ಎಣಿಕೆಗೆ ಗಂಡಸಿನ ಹಾಗೆ ಕುರ್ಚಿಯಲ್ಲಿ ಕೂತಿರಬಹುದು. ಮೂರು ಮೂರು ತೆರೆದಿಟ್ಟು ಪೌಲೀನಳ ಮುಂದೆ, ಆ ಎರಡು ರಾಜ ಎರಡು ಎಂಟರ ಮುಂದೆ, ಸ್ವಲ್ಪ ಮಾನ ಮರಳಿ ಪಡೆಯಬಹುದು. ಹತ್ತರಲ್ಲಿ ಮೂರು ಸಲ ಸೋಲುತ್ತದೆ. ಆ ಮೂರು ಸಲ ಯಾವ ದಿನ ಬರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಂದಾಗಲೆಲ್ಲ ಅವನೇ ಅಲ್ಲಿದ್ದ.

ಒಫೇಲಿಯಾ ಅವನನ್ನು ನೋಡುತ್ತಿದ್ದಳು. "ಡೆಲ್," ಎಂದಳು ಅಷ್ಟೇ. ಕೈ ನಡೆಯುತ್ತಿತ್ತು, ಹೆಚ್ಚು ಹೇಳುವಂತಿರಲಿಲ್ಲ.

ಅವನು ಮೇಜಿನ ಸುತ್ತ ನೋಡಿದ. ನಹಿನು ಅಣ್ಣ ಒಮಾಹಾ ಬಿಟ್ಟ ದುಃಖದಲ್ಲಿ ಇನ್ನೂ ಮುಖ ಇಳಿಸಿಕೊಂಡಿದ್ದ. ಹರ್ಷೆಲ್ ತನ್ನ ಎರಡನ್ನು ಮೊಮ್ಮಗನ ಹಾಗೆ ಸವರುತ್ತಿದ್ದ. ಪೌಲೀನ್ ಫಲಕ ನೋಡಿ, ಆಮೇಲೆ ತನ್ನ ಎಲೆ ನೋಡುತ್ತಿದ್ದಳು.

ಡೆಲ್ಮರ್ ತೆರೆದ ಮೂರನ್ನು ಮಗುಚಿ, ಮೂರೂ ಎಲೆ ಸೇರಿಸಿ, ಮುಂದಕ್ಕೆ ತಳ್ಳಿದ. ಬೆರಳು ಎಲೆಯಿಂದ ಬಿಡಿಸಿಕೊಳ್ಳಲು ಸ್ವಲ್ಪ ತಡವಾಯಿತು. ತ್ಸೆಗಾಯೆ ಅವನ್ನು ಎತ್ತಿ ಸತ್ತ ಎಲೆಗಳ ಗುಡ್ಡೆಗೆ ಸೇರಿಸಿದ. ಬಿಟ್ಟ ಎಲೆಯನ್ನು ಕೈ ನಡೆಯುವಾಗ ತೋರಿಸುವಂತಿಲ್ಲ, ಹೇಳುವಂತೆಯೂ ಇಲ್ಲ. ಡೆಲ್ಮರ್ ಹೇಳಲಿಲ್ಲ. ಎದ್ದು ಕಂಬದ ಹತ್ತಿರ ಹೋಗಿ ನಿಂತ. ಕಾವಲುಗಾರ ಕುರ್ಚಿ ತಂದುಕೊಟ್ಟ.

ಹನ್ನೆರಡಕ್ಕೆ ಮಿಲಾಗ್ರೋಸ್ ಬಂದಳು. ಒಂದೊಂದೇ ಕುರ್ಚಿಯ ಮುಂದೆ ಬೆರಳು ತೋರಿಸುತ್ತ ಎಣಿಸಿದಳು. ಡೆಲ್ಮರನ ಜಾಗದಲ್ಲಿ ನಿಂತು ಬಗ್ಗಿ ನೋಡಿದಳು, ಇರುವೆ ಹುಡುಕುವವಳ ಹಾಗೆ. "ಆರು," ಎಂದಳು ಜೋರಾಗಿ, ಆಫೀಸಿನ ಬಾಗಿಲಿಗೆ ಕೇಳುವಷ್ಟು. ಬರೆದುಕೊಂಡು ಹೋದಳು. ಮೇಜು ಉಳಿಯಿತು.

ಡೆಲ್ಮರ್ ಬಂದು ತನ್ನ ಒಂದು ಬಿಲ್ಲೆಯನ್ನು ಎತ್ತಿ ತ್ಸೆಗಾಯೆಗೆ ಭಕ್ಷೀಸು ಕೊಟ್ಟ. ತ್ಸೆಗಾಯೆ ಅದನ್ನು ಮೇಜಿನ ಅಂಚಿಗೆ ಎರಡು ಸಲ ತಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಗ ಡೆಲ್ಮರ್ ಬಾಯಿ ಬಿಟ್ಟ. ಆ ಕೈಯಲ್ಲಿ ತನಗೆ ಮೂರು ಮೂರು ಬಂದಿದ್ದವು, ತಾನು ಬಿಟ್ಟೆ ಎಂದ.

ಹರ್ಷೆಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಹಿನು ತಮ್ಮ ಕೂಡ ನಕ್ಕ. ಅವನ ಹಲ್ಲು ಹೇಗಿವೆ ಎಂದು ಆವತ್ತೇ ಗೊತ್ತಾದದ್ದು. ಒಫೇಲಿಯಾ ಡೆಲ್ಮರನ ಬೆನ್ನು ತಟ್ಟಿ, ಹೋಗು, ಮನೆಗೆ ಹೋಗಿ ಊಟ ಮಾಡು, ಬಿಸಿಲು ತಲೆಗೆ ಹತ್ತಿದೆ ಎಂದಳು. ಪೌಲೀನ್ ಮಾತ್ರ ನಗಲಿಲ್ಲ. ನೋಟ್ ಪುಸ್ತಕ ತೆರೆದಳು, ಪೆನ್ನು ಹಿಡಿದಳು, ಒಂದು ಗಳಿಗೆ ಯೋಚಿಸಿದಳು, ಬರೆಯದೆ ಮುಚ್ಚಿದಳು.

ಮನೆಯಲ್ಲಿ ವರ್ಲೀನ್ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬ್ರೆಡ್ಡಿಗೆ ಮೀನಿನ ಪಲ್ಯ ಹಚ್ಚುತ್ತಿದ್ದಳು. ಡೆಲ್ಮರ್ ಎಲ್ಲವನ್ನೂ ಹೇಳಿದ. ಫಲಕ ನೋಡದೆ ಕೆಟ್ಟದ್ದನ್ನು ಹೇಳಿದ, ಕರುಣೆ ತೋರಿಸಿ ಮೂರು ಬಿಲ್ಲೆ ಉಳಿದದ್ದನ್ನು ಹೇಳಿದ, ಕಾವಲುಗಾರನ ಕಥೆ ಹೇಳಿದ. ಇಲ್ಲಿಯವರೆಗೆ ಅವಳು ತಲೆಯಾಡಿಸುತ್ತ ಕೇಳಿದಳು. ತನ್ನ ಗಂಡನ ಬಗ್ಗೆ ಇದೆಲ್ಲ ಅವಳಿಗೆ ನಂಬಲರ್ಹವಾಗಿಯೇ ಇತ್ತು. ಕಡೆಗೆ ಮೂರು ಮೂರು ಬಂದದ್ದನ್ನೂ ಬಿಟ್ಟದ್ದನ್ನೂ ಹೇಳಿದ.

ವರ್ಲೀನ್ ಚಾಕು ಕೆಳಗಿಟ್ಟಳು.

"ಡೆಲ್ಮರ್," ಎಂದಳು, "ನಿನ್ನನ್ನ ಕಟ್ಕೊಂಡು ನಲವತ್ತಾರು ವರ್ಷ ಆಯ್ತು. ಸುಳ್ಳು ಹೇಳೋದಾದ್ರೆ ನಂಬೋ ಥರದ್ದು ಹೇಳು. ಗೆದ್ದೆ ಅಂತನಾದ್ರೂ ಹೇಳು."

ಡೆಲ್ಮರ್ ತಟ್ಟೆ ಹಿಡಿದು ಕೂತ. ಮಂಗಳವಾರ ಮೇಜು ಇದೆ ಎಂದ. ಅದನ್ನು ಅವಳು ನಂಬಿದಳು.